ಹಿಂದ ಕುಂತಾಕಿನ್ನ ಮದ್ಲ ಕೇಳ್ರಿ

ನಮ್ಮ ಮನಿ ಮುಂದ ಗಾಡಿ ನಿಂತಿತ್ತಂದ್ರ ಓಣಿ ಹುಡುಗೋರು ಅದರ ಸುತ್ತ ಒಂದು ರೌಂಡ್ ಹೊಡದನ ಮುಂದ ಹೋಗ್ತಾರ. ಎತ್ತರಕ್ಕ ಐತಿ, ಮುಂದಿನ ಗಾಲಿ ದೊಡ್ಡದೈತಿ, ಮಡ್‌ಗಾರ್ಡು ಗಾಲಿಯಿಂದ ಗೇಣು ಮ್ಯಾಲ ನಿಂತೈತಿ. ಡಾಂಬರ ರೋಡಿಗೂ ಸೈ, ಹೊಲದ ದಾರಿಗೂ ಸೈ ಅನ್ನೂ ಜಾತಿ ಗಾಡಿ. ಕಂಪನಿಯವರು ಇದಕ್ಕ ಡ್ಯುಯಲ್ ಸ್ಪೋರ್ಟ್ ಅಂತಾರ. ನಮ್ಮವ್ವ ಒಂಟಿ ಅಂತಾಳ. ಆಕಿ ಅದನ್ನ ಹತ್ತೂದು ಇಳಿಯೂದು ನೋಡಿದ್ರ ಅವ್ವ ಇಟ್ಟ ಹೆಸರ ಖರೆ ಅನಸ್ತೈತಿ.

ಯಾವ ಕಂಪನಿದು ಅಂತ ಇಲ್ಲಿ ಬರಿಯೂದಿಲ್ಲ. ಹೊಗಳೂದೂ ಬ್ಯಾಡ, ಬೈಯೂದೂ ಬ್ಯಾಡ. ಗಾಡಿ ತಪ್ಪಿಗಿಂತ ನನ್ನ ತಪ್ಪು ದೊಡ್ಡದಿತ್ತು, ಅದನ್ನ ಹೇಳಾಕ ಕುಂತೇನಿ.

ಹ್ವಾದ ವರ್ಷ ಕಬ್ಬಿನ ಹಂಗಾಮ ನಡದಿತ್ತು. ಅವ್ವಗ ಎರಡು ದಿನದಿಂದ ಜ್ವರ, ಆವತ್ತ ಸಂಜಿಮುಂದ ವಾಂತಿನೂ ಸುರು ಆತು. ಚಿಕ್ಕಪಡಸಲಗಿಯಿಂದ ಜಮಖಂಡಿ ಏನ್ ಮಹಾ ದೂರ, ಗಾಡಿ ಐತೆಲ್ಲ ಅಂತ ರಾತ್ರಿ ಒಂಬತ್ತೂವರಿ ಸುಮಾರಿಗೆ ಆಕಿನ್ನ ಹಿಂದ ಕುಂಡ್ರಿಸಿಕೊಂಡು ಹೊಂಟ್ನಿ. ಅರ್ಧಾ ದಾರ್‍ಯಾಗ ಬುಡಕ ಕಟ್ ಅಂತ ಸಪ್ಪಳ ಬಂತು, ಹಿಂದಿನ ಗಾಲಿ ಗಪ್ಪಂತ ಹಿಡಕೊಂತು. ನಶೀಬಕ್ಕ ತಗ್ಗು ಬಂತಂತ ಸಾವಕಾಶ ಮಾಡಿದ್ನಿ, ಬೀಳಲಿಲ್ಲ. ಇಳದು ನೋಡಿದ್ರ ಚೈನ್ ಕಳಚಿ ಇಂಜಿನ್ ಬಾಜುದ ಹಲ್ಲಿನ್ಯಾಗ ಸಿಕ್ಕೊಂಡು ಕುಂತಿತ್ತು.

ಅವ್ವನ್ನ ರೋಡ್ ಬಾಜು ಒಂದು ಕಲ್ಲಿನ ಮ್ಯಾಲ ಕುಂಡ್ರಿಸಿದ್ನಿ. ಕಬ್ಬು ತುಂಬಿದ ಟ್ರ್ಯಾಕ್ಟರ್ ಎರಡೆರಡು ಟ್ರೇಲರ್ ಎಳಕೊಂಡು ನಮ್ಮ ಮಗ್ಗಲದಾಗ ಹೊಂಟಿದ್ವು. ಹಿಂದ ಕೆಂಪು ಲೈಟಿಲ್ಲ, ಮಿಂಚೂ ಪಟ್ಟಿ ಇಲ್ಲ. ನಾನೋ, ಒಂದು ತಿಂಗಳ ಹಿಂದ ಸಾಡೇ ನಾಕು ಸಾವಿರ ಕೊಟ್ಟು ಎರಡು ಎಲ್‌ಇಡಿ ಲೈಟ್ ಹಾಕಿಸಿದ್ನಿ. ಅವುನ್ನ ಹಚ್ಚಿದ್ರ ಬೆಳಕೆಲ್ಲ ಮುಂದಿನ ಕಬ್ಬಿನ ಫಡಕ್ಕ ಬೀಳಾಕತ್ತು. ಚೈನಿಗಿ ಮೊಬೈಲ್ ಬೆಳಕ ಗತಿ. ನಾ ಕೈ ಕರ್‍ರಗ ಮಾಡಿಕೊಂಡು ಗುದ್ದಾಡೂದನ್ನ ಅವ್ವ ಒಂದ್ ಗಳಿಗಿ ನೋಡಿದ್ಳು. ಆಮ್ಯಾಲ ಜ್ವರದ ದನಿಯೊಳಗನ ಅಂದ್ಳು: “ತಮ್ಮಾ, ಲೈಟ್ ಭಾಳ ಛಲೋ ಅದಾವಪಾ. ಗಾಡಿ ಮುಂದ ಹೋಗಾಕತ್ತಿಲ್ಲ ಅನ್ನೂದು ಸ್ವಚ್ಛ ಕಾಣಾಕತ್ತೈತಿ.”

ಮುಕ್ಕಾಲು ತಾಸಿನ ಮ್ಯಾಲ ಹಾಲಿನ ಟೆಂಪೊ ಒಂದು ನಿಂತು ನಮ್ಮನ್ನ ದವಾಖಾನಿಗಿ ಮುಟ್ಟಿಸ್ತು. ಸಲೈನ್ ಹಚ್ಚಿದ್ರು, ಮುಂಜಾನಿಗಿ ಅವ್ವ ಆರಾಮ ಆದ್ಳು. ಮನಿಗಿ ಬಂದ ಮ್ಯಾಲ ನಮ್ಮಾಕಿ ಸಿಟ್ಟ ಮಾಡಲಿಲ್ಲ, ಒಂದ ಮಾತು ಕೇಳಿದ್ಳು. “ರೀ, ಎಂಟು ದಿನದಿಂದ ಕಾಲ ಬುಡಕ ಕಟ ಕಟ ಅಂತೈತಿ ಅಂತ ಹೇಳಿದ್ನೆಲ್ಲ?”

ಹೇಳಿದ್ಳು ಖರೆ. ರೋಡ ಹಂಗೈತಿ ಅಂತ ನಾ ಹಾರಿಸಿಬಿಟ್ಟಿದ್ನಿ.

ಅವತ್ತಿನಿಂದ ನನ್ನ ಅಭಿಪ್ರಾಯ ಇದು: ಇಂಥಾ ಗಾಡಿಗಿ ರೊಕ್ಕ ಹಾಕೂ ಮದ್ಲ ಹಿಂದ ಕುಂಡ್ರಾವರನ್ನ ಕೇಳಬೇಕು. ಓಡ್ಸಾಂವಗ ಹ್ಯಾಂಡಲ್ ಇರ್ತೈತಿ, ಕಣ್ಣ ಮುಂದ ದಾರಿ ಇರ್ತೈತಿ, ತಗ್ಗು ಬಂದ್ರ ಮದ್ಲ ಗೊತ್ತಾಗಿ ಮೈ ಬಿಗಿ ಹಿಡಿತಾನ. ಹಿಂದ ಕುಂತಾವರಿಗಿ ಏನೂ ಗೊತ್ತಿರೂದಿಲ್ಲ. ಚೈನಿನ ಮ್ಯಾಲ, ಗಾಲಿ ಮ್ಯಾಲ, ಶಾಕಪ್ಸರಿನ ಮ್ಯಾಲನ ಅವರು ಕುಂತಿರ್ತಾರ. ಗಾಡಿ ಬ್ಯಾನಿ ಮದ್ಲ ಅವರ ನಡಕ್ಕ ಮುಟ್ಟತೈತಿ, ಆಮ್ಯಾಲ ನಮ್ಮ ಕಿವಿಗಿ. ಹಂಗಾಗಿ ಮದ್ಲ ಗಾಡಿ ನಿಲ್ಲದಂಗ ನೋಡ್ಕೋಬೇಕು, ಆಮ್ಯಾಲ ಹಿಂದಿನವರ ಸೀಟ್ ನೋಡಬೇಕು, ಚಂದ ಕಾಣೂದು ಕಟ್ಟಕಡೀಗಿ. ನಮ್ಮ ಕಡೆ ಈ ಲೆಕ್ಕ ಪೂರಾ ತಿರುಗಾ ಮುರುಗಾ ನಡದೈತಿ.

“ಮತ್ಯಾಕ ತಗೊಂಡಿ ಇಂಥಾ ಗಾಡಿ? ಸ್ಪ್ಲೆಂಡರ್ ತಗೋಬೇಕಿತ್ತಿಲ್ಲ?” ಅಂತ ನಮ್ಮ ಕಾಕಾ ಕೇಳ್ತಿರ್ತಾನ. ಕಾಕಾನ ಮಾತಿನ್ಯಾಗ ಸತ್ಯ ಐತಿ. ಆದ್ರ ನಮ್ಮ ಹೊಲಾ ಎಂಥಾವು ಅನ್ನೂದು ಕಾಕಾಗೂ ಗೊತ್ತೈತಿ. ಎರಿ ಮಣ್ಣು ಒಂದ್ ಮಳಿ ಆತಂದ್ರ ಗಾಲಿಗಿ ಕಣಕದಂಗ ಹತ್ಕೊಂತೈತಿ. ಸಣ್ಣ ಗಾಡಿಯ ಮಡ್‌ಗಾರ್ಡು ಗಾಲಿಗಿ ಹತ್ತಿ ಇರ್ತೈತಿ. ಆ ಸಂದ್ಯಾಗ ರಾಡಿ ತುಂಬಿ ಗಾಲಿ ತಿರಗೂದ ಬಂದ್ ಆಕ್ಕೈತಿ. ಕಡ್ಡಿ ತಗೊಂಡು ಕೆದರಬೇಕು, ಹತ್ತು ಹೆಜ್ಜಿ ಹೋಗಬೇಕು, ಮತ್ತ ಕೆದರಬೇಕು. ಎತ್ತರದ ಮಡ್‌ಗಾರ್ಡಿನ ಕಿಮ್ಮತ್ತು ಗೊತ್ತಾಗಬೇಕಂದ್ರ ಶ್ರಾವಣದಾಗ ಹೊಳಿದಂಡಿ ಹೊಲಕ್ಕ ಒಮ್ಮೆ ಹೋಗಿ ಬರ್ರಿ. ಅದನ್ನ ತಗದು ಚಂದ ಕಾಣಲಿ ಅಂತ ಗಾಲಿಗಿ ಹತ್ತಿ ಸಣ್ಣದು ಹಾಕಸ್ತಾರಲ್ಲ, ಅವರಿಗಿ ಹೊಲ ಇಲ್ಲಂತ ತಿಳಕೋರಿ.

ಲೆಕ್ಕಕ್ಕ ನೋಡಿದ್ರ ಸ್ಪ್ಲೆಂಡರಿನ ಹೊಟ್ಟಿ ನೆಲದಿಂದ 165 ಮಿಲಿಮೀಟರ್ ಮ್ಯಾಲೈತಿ. 2019ರಾಗ ಬಂದ ಹೀರೋ ಎಕ್ಸ್‌ಪಲ್ಸ್ 200ದ್ದು 220. ಅದರ ಮುಂದಿನ ಗಾಲಿ 21 ಇಂಚು, ಸ್ಪ್ಲೆಂಡರಿಂದು 18. ಗಾಲಿ ದೊಡ್ಡದಾದಷ್ಟೂ ತಗ್ಗಿನ್ಯಾಗ ಇಳಿಯೂದು ಕಡಿಮಿ. ಆದ್ರ ಸೀಟಿನ ಎತ್ತರಾನೂ 785ರಿಂದ 823ಕ್ಕ ಏರ್ತೈತಿ. ಕಾಗದದಾಗ ಅದು ನಾಕು ಸೆಂಟಿಮೀಟರ್, ಅರವತ್ತು ದಾಟಿದ ಮಣಕಾಲಿಗಿ ಗುಡ್ಡ. ಈ ಜಾತಿ ಗಾಡಿ ನಮ್ಮ ದೇಶದಾಗ ಹಳೇದೇನಲ್ಲ. 2011ರಾಗ 150 ಸಿಸಿ ಹೀರೋ ಇಂಪಲ್ಸ್ ಬಂತು, 2016ರಾಗ ರಾಯಲ್ ಎನ್‌ಫೀಲ್ಡಿನ ಹಿಮಾಲಯನ್ ಬಂತು. ಎಲ್ಲಾದ್ರ ಜಾಹೀರಾತಿನ್ಯಾಗೂ ಗುಡ್ಡ, ಹಿಮ, ಒಬ್ಬನ ಸವಾರ. ನಮ್ಮ ಕಡೆ ಇವುನ್ನ ಒಬ್ಬರ ಓಡಸೂದು ಅಪರೂಪ. ಹಿಂದ ಹೆಂಡತಿ, ನಡುವ ಕೂಸು, ಟಾಕಿ ಮ್ಯಾಲ ಗೊಬ್ಬರದ ಚೀಲ. ಹಂಗಾಗಿ ಗಾಡಿನ ನಮ್ಮ ಬಾಳುವಿಗಿ ಹೊಂದಿಸಿಕೊಳ್ಳೂದು ನಮ್ಮ ಕೆಲಸ.

ಮದ್ಲ ಚೈನ್. ನಮ್ಮಪ್ಪನ ಕಡೆ ಎಜ್ಡಿ ಇತ್ತು, ಮೈಸೂರಿನ ಐಡಿಯಲ್ ಜಾವಾ ಕಾರ್ಖಾನಿದು. 1961ರಾಗ ಸುರುವಾಗಿ 1996ರಾಗ ಮುಚ್ಚಿದ ಕಾರ್ಖಾನಿ ಅದು. ಕಿಕ್ ಹೊಡಿಯೂ ಕಡ್ಡಿನ ಗೇರಿನ ಕಡ್ಡಿನೂ ಆಗ್ತಿತ್ತು, ಅದನ್ನ ನೋಡಾಕ ಮಂದಿ ನಿಂದರ್ತಿದ್ರು. ಅದರ ಚೈನಿಗಿ ಪೂರಾ ತಗಡಿನ ಮುಚ್ಚಿಗಿ ಇತ್ತು. ಸ್ಪ್ಲೆಂಡರಿಗೂ ಮುಚ್ಚಿಗಿ ಐತಿ. ಹೊಲಕ್ಕಂತ ಮಾಡಿದ ಈ ಗಾಡಿಗಳ ಚೈನ್ ಮಾತ್ರ ಬಯಲಾಗ. ರಾಡಿ ಒಳಗ ಸಿಕ್ಕೊಂಡು ಕುಂಡರಬಾರದು, ಹೊರಗ ಬೀಳಬೇಕು ಅನ್ನೂದು ಅದರ ವಿಚಾರ. ವಿಚಾರ ಸರಿ ಐತಿ, ಆದ್ರ ಅದರ ಅರ್ಥ ಏನು? ತೊಳಿಯೂ ಕೆಲಸ ಕಂಪನಿದಲ್ಲ, ನಮ್ಮದು.

ಐನೂರು ಕಿಲೋಮೀಟರಿಗೊಮ್ಮಿ, ಮಳಿಗಾಲದಾಗ ಅದಕ್ಕೂ ಮದ್ಲ, ಸೀಮೆಎಣ್ಣಿ ಸಿಕ್ಕರ ಅದರಲೆ, ಇಲ್ಲಂದ್ರ ಚೈನ್ ತೊಳಿಯೂ ಸ್ಪ್ರೇದಲೆ ಒರಸ್ರಿ. ಮೆತ್ತನ ಬ್ರಷ್ ಸಾಕು. ತಂತಿ ಬ್ರಷ್ ಹಾಕಿದ್ರ ಕೊಂಡಿ ನಡುವಿನ ರಬ್ಬರ್ ರಿಂಗ್ ಹರಿತಾವು, ಪೆಟ್ರೋಲ್ ಹಾಕಿದ್ರ ಬಿರಸ ಆಕ್ಕಾವು. ಒಣಗಿದ ಮ್ಯಾಲ 90 ನಂಬರ್ ಗೇರ್ ಆಯಿಲ್ ಚೈನಿನ ಒಳಮಗ್ಗಲಿಗಿ ಹಚ್ಚಿ, ಹೆಚ್ಚಾದದ್ದನ್ನ ಅರಿವಿಲೆ ಒರಸಬೇಕು. ಇಂಜಿನ್ನಿಂದ ತಗದ ಸುಟ್ಟ ಆಯಿಲ್ ಸುರಿಯೂ ಚಟ ನಮ್ಮ ಕಡೆ ಭಾಳ. ಅದರಾಗ ಲೋಹದ ಪುಡಿ ಇರ್ತೈತಿ, ಎಣ್ಣಿ ಹಾಕಿದಂಗಲ್ಲ, ಅರ ಹಾಕಿ ತಿಕ್ಕಿದಂಗ.

ಇನ್ನ ಬಿಗಿ ಎಷ್ಟಿರಬೇಕು? ಇಲ್ಲಿ ಭಾಳ ಮಂದಿ ತಪ್ಪತಾರ. ಸಡಲ ಆದ್ರ ನನ್ನಂಗ ರಾತ್ರಿ ರೋಡಿನ್ಯಾಗ ನಿಂದರ್ತೀರಿ. ಹಂಗಂತ ಗಟ್ಟಿ ಎಳಸಿದ್ರೂ ಕೆಟ್ಟದ್ದ. ಈ ಗಾಡಿಗಳ ಹಿಂದಿನ ಶಾಕಪ್ಸರ್ ಭಾಳ ಇಳಿತೈತಿ. ಖಾಲಿ ಗಾಡಿಯೊಳಗ ಬಿಗಿ ಇದ್ದ ಚೈನ್ ಇಬ್ಬರು ಕುಂತು ತಗ್ಗಿಗಿ ಇಳದಾಗ ತಂತಿ ಹಂಗ ಎಳಿತೈತಿ, ಇಂಜಿನ್ ಬಾಜುದ ಬೇರಿಂಗ್ ತಿಂತೈತಿ. ಗಾಡಿ ಸಂಗಾಟ ಬಂದ ಪುಸ್ತಕದಾಗ ಅಳತಿ ಐತಿ, ಅಷ್ಟ ಇಡ್ರಿ. ಎಳದ ಮ್ಯಾಲ ಗಾಲಿಯ ಎರಡೂ ಬಾಜುದ ಗುರ್ತು ಸಮ ಬಂದಾವೋ ಇಲ್ಲೋ ನೋಡ್ರಿ.

ಎರಡನೇದು ಗಾಲಿ. ಇವುಕ್ಕ ಕಡ್ಡಿ ಗಾಲಿ ಇರ್ತಾವು, ತಗ್ಗಿಗಿ ಬಡದ್ರ ಒಡಿಯೂದಿಲ್ಲ, ಆದ್ರ ಕಡ್ಡಿ ಸಡಲ ಆಕ್ಕಾವು. ಪಾನಾ ತಗೊಂಡು ಒಂದೊಂದ ಕಡ್ಡಿಗಿ ಸಾವಕಾಶ ಬಡೀರಿ. ಬಿಗಿ ಇದ್ದದ್ದು ‘ಟಿಣ್’ ಅಂತೈತಿ, ಸಡಲ ಇದ್ದದ್ದು ‘ಟಪ್’ ಅಂತೈತಿ. ಗಡಿಗಿ ತಗೊಳ್ಳೂಮುಂದ ಅವ್ವ ಬಡದ ನೋಡ್ತಾಳಲ್ಲ, ಹಂಗ. ಒಂದು ಟಪ್ ಅಂದ್ರ ಬಾಜುದ ನಾಕು ಕಡ್ಡಿ ಅದರ ಭಾರ ಹೊರಾಕತ್ತಾವು ಅಂತ ಅರ್ಥ. ಟ್ಯೂಬಿನ ವಿಷಯಾನೂ ಐತಿ. ಹದಿನೆಂಟು ಇಂಚಿಂದು ಎಲ್ಲಾ ಪಂಚರ್ ಅಂಗಡ್ಯಾಗ ಸಿಗತೈತಿ, ಇಪ್ಪತ್ತೊಂದರದ್ದು ಕೇಳಿದ್ರ ಮಾರಿ ನೋಡ್ತಾರ. ಸೀಟಿನ ಹಿಂದ ಒಂದು ಇಪ್ಪತ್ತೊಂದರ ಟ್ಯೂಬ್ ಕಟ್ಟಿಡ್ರಿ. ತೀರಾ ಅಡಚಣಿ ಬಂದ್ರ ಹಿಂದಿನ ಗಾಲಿಗೂ ಅದನ್ನ ಮಡಚಿ ಹಾಕಿ ಸಾವಕಾಶ ಮನಿ ಮುಟ್ಟಬಹುದು.

ಮೂರನೇದು ಉಸಿರು. ಕಬ್ಬಿನ ದಾರಿ ಧೂಳು, ರವದಿ ಸುಟ್ಟ ಬೂದಿ, ಎಲ್ಲಾ ಹೋಗೂದು ಏರ್ ಫಿಲ್ಟರಿಗಿ. ಕಾಗದದ್ದಿದ್ರ ತೊಳ್ಯಾಕ ಬರೂದಿಲ್ಲ, ಬದಲಿ ಮಾಡೂದ. ಹಂಗಾಮಿನ್ಯಾಗ ಪುಸ್ತಕದಾಗ ಹೇಳಿದ್ದಕ್ಕಿಂತ ಮದ್ಲ ಬದಲಿ ಮಾಡ್ರಿ, ಇಂಜಿನ್ ಆಯಿಲ್‌ಗೂ ಇದ ಮಾತು. ವರ್ಷಕ್ಕೊಮ್ಮಿ ಹಿಂದಿನ ಶಾಕಪ್ಸರಿನ ಕೀಲುಗಳಿಗಿ, ಹ್ಯಾಂಡಲ್ ಬುಡದ ಬೇರಿಂಗಿಗಿ ಗ್ರೀಸ್ ತುಂಬಸಬೇಕು. ಮುಂದಿನ ಗಾಲಿ ಎತ್ತಿ ಹ್ಯಾಂಡಲ್ ಸಾವಕಾಶ ತಿರುವಿದಾಗ ನಟ್ಟ ನಡುವ ‘ಟಕ್’ ಅಂತ ತಡದ್ರ ಆ ಬೇರಿಂಗ್ ಮುಗದೈತಿ ಅಂತ ತಿಳೀರಿ.

ಇಷ್ಟು ಮಾಡಿದ ಮ್ಯಾಲ ಸೀಟ್. ನಾ ಮದ್ಲ ಮಾಡಿದ ತಪ್ಪಂದ್ರ ಮೆತ್ತನ ಫೋಮ್ ತುಂಬಿಸಿದ್ದು. ಅಂಗಡ್ಯಾಗ ಕುಂತಾಗ ಗಾದಿ ಇದ್ದಂಗಿತ್ತು. ಹತ್ತು ಕಿಲೋಮೀಟರ್ ಹೋಗೂದ್ರಾಗ ಅದು ನೆಲಾ ಕಂಡಿತ್ತು, ನಮ್ಮಾಕಿ ಕೆಳಗಿನ ಪ್ಲಾಸ್ಟಿಕ್ ಮ್ಯಾಲನ ಕುಂತಿದ್ಳು. ಎರಡನೇ ಸಲ ಆಕಿನ್ನ ಅಂಗಡಿಗಿ ಕರಕೊಂಡು ಹೋದ್ನಿ. ಸೀಟ್ ಹೊಲಿಯಾವ ನನ್ನ ಬಿಟ್ಟು ಆಕಿನ್ನ ಕೇಳಿದ: “ಅಕ್ಕಾರ, ಎಲ್ಲಿ ನೋಯತೈತ್ರಿ?” ಅಷ್ಟು ದಿನ ನಾ ಆ ಪ್ರಶ್ನಿ ಕೇಳಿರಲಿಲ್ಲ. ಆಕಿ ಹೇಳಿದ್ಳು: ಬ್ರೇಕ್ ಹಾಕಿದಾಗೊಮ್ಮಿ ಮುಂದ ಜಾರ್ತೇನಿ, ಮತ್ತ ಹಿಂದ ಸರೀತೇನಿ, ಅದರಾಗನ ನಡಾ ಹೋಗತೈತಿ. ಆಗ ಹಿಂದಿನ ಭಾಗ ಇಳಿಜಾರ ತಗದು ಸಪಾಟ ಮಾಡಿದ, ಎರಡು ಬೆರಳು ಅಗಲ ಮಾಡಿದ. ಕೆಳಗ ಬಿರಸ ಫೋಮ್, ಮ್ಯಾಲ ತೆಳ್ಳಗ ಮೆತ್ತನ್ದು ಹಾಕಿದ. ಹೊಲಿಯೂ ಮದ್ಲ ಇಬ್ಬರನೂ ಕುಂಡ್ರಿಸಿ ನೋಡಿದ. ಖರ್ಚು ಲೈಟಿನ ಅರ್ಧಾನೂ ಆಗಲಿಲ್ಲ.

ಆಮ್ಯಾಲ ಅವ್ವನ ವಿಷಯ. ಆಕಿ ಸೀರಿ ಉಟ್ಟು ಒಂದ ಬಾಜು ಕಾಲ ಇಳಿಬಿಟ್ಟು ಕುಂಡ್ರಾಕಿ. ಹಂಗ ಕುಂಡ್ರಾವರಿಗಿ ಮೂರು ಬೇಕು: ಹಿಡಿಯಾಕ ಗಟ್ಟಿ ಹಿಡಿಕಿ, ಕಾಲ ಇಡಾಕ ಮೆಟ್ಟ, ಸೆರಗ ಗಾಲಿಗಿ ಹೋಗದಂಗ ಜಾಳಿಗಿ. ಇದು ನಾ ಹೇಳೂದಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ ಹೇಳ್ತೈತಿ: ಹಿಡಿಕಿ ಇರಬೇಕು, ಕಾಲಿಗಿ ಆಸರಾ ಇರಬೇಕು, ಬಟ್ಟಿ ಸಿಗದಂಗ ಹಿಂದಿನ ಗಾಲಿ ಅರ್ಧಾದರೂ ಮುಚ್ಚಿರಬೇಕು. ನಮ್ಮ ಹುಡುಗೋರು ಷೋರೂಮಿನಿಂದ ಬಂದ ದಿನಾನ ಬಿಚ್ಚಿ ಒಗಿಯೂದು ಇದ ಜಾಳಿಗಿನ. “ಲುಕ್ ಹೋಗತೈತಣ್ಣಾ” ಅಂತಾರ. ಸೆರಗು ಗಾಲ್ಯಾಗ ಸಿಕ್ಕರ ಏನ್ ಹೋಗತೈತಿ ಅನ್ನೂದನ್ನ ಹೇಳೂದಿಲ್ಲ. ಸೈಲೆನ್ಸರ್ ಬದಲಿ ಮಾಡೂದಂತೂ ಕಾಯ್ದೇಶೀರ ತಪ್ಪು, ಮ್ಯಾಲ ಇಡೀ ಓಣಿ ಕೂಸುಗಳ ನಿದ್ದಿ ಕೆಡಸೂದು. ನಾ ಬಿಚ್ಚಿಟ್ಟ ಜಾಳಿಗಿ ಕ್ವಾಣ್ಯಾಗಿತ್ತು. ಹುಡುಕಿ ಹಾಕಿಸಿದ್ನಿ, ಅದಕ್ಕ ಒಂದು ಅಗಲ ಮೆಟ್ಟ ಕೂಡಿಸಿದ್ನಿ, ಚಾಸಿಗಿ ಬೋಲ್ಟ್ ಆಗೂವಂಥಾ ಹಿಡಿಕಿ ಹಾಕಿಸಿದ್ನಿ. ಅಲ್ಲೀತನ ಅವ್ವ ನನ್ನ ಅಂಗಿ ಹಿಡದು ಕುಂಡರತಿದ್ಳು.

ಎತ್ತರಕ್ಕ ಏನ್ ಮಾಡೂದು? ಸೀಟ್ ಕೊರಸಿದ್ರ ಫೋಮ್ ಹೋಗತೈತಿ, ಶಾಕಪ್ಸರ್ ಇಳಿಸಿದ್ರ ಹೊಟ್ಟಿ ನೆಲಕ್ಕ ಬಡೀತೈತಿ. ಮಂಡಿ ನೋವಿಗಿ ಗಾಡಿ ಹಾಳ ಮಾಡೂದು ಬ್ಯಾಡ. ಅವ್ವ ಹತ್ತೂಮುಂದ ಗಾಡಿ ತಂದು ಮನಿ ಕಟ್ಟಿಗಿ ಹಚ್ಚಿ ನಿಂದರಸ್ತೇನಿ, ಆಕಿ ಕಟ್ಟಿ ಮ್ಯಾಲಿಂದ ಸೀದಾ ಕುಂಡರ್ತಾಳ. ಇದಕ್ಕ ಒಂದ್ ರೂಪಾಯಿ ಖರ್ಚಿಲ್ಲ. ಇಬ್ಬರು ಕುಂತು ಚೀಲ ಹೇರಿದ್ರ ಹಿಂದಿನ ಶಾಕಪ್ಸರಿನ ಸ್ಪ್ರಿಂಗ್ ಬಿಗಿ ಮಾಡಸ್ರಿ, ಗಾಳಿ ಪುಸ್ತಕದಾಗ ಇಬ್ಬರಿಗಿ ಹೇಳಿದಷ್ಟು ಹಾಕಸ್ರಿ. ಹೊಲಕ್ಕಂತ ಗಾಳಿ ಇಳಿಸಿ ಹಂಗ ವಿಜಯಪುರ ರೋಡ ಹಿಡಿಯೂದು ಬ್ಯಾಡ, ಗಾಡಿ ಹೊಯ್ದಾಡ್ತೈತಿ, ಟಾಯರ್ ಕಾಯತೈತಿ.

ಲೈಟಿನ ಮ್ಯಾಲ ನನಗೇನ್ ಸಿಟ್ಟಿಲ್ಲ. ಕಬ್ಬಿನ ಟ್ರೇಲರ್ ಓಡಾಡೂ ರೋಡಿಗಿ ಛಲೋ ಬೆಳಕು ಬೇಕ. ಆದ್ರ ಮದ್ಲ ಇದ್ದ ಹೆಡ್‌ಲೈಟ್ ಸರಿ ಹೊಂದಿಸಿರಿ, ಹಿಂದ ಮಿಂಚೂ ಪಟ್ಟಿ ಹಚ್ಚಸ್ರಿ. ಹೆಚ್ಚಿನ ಲೈಟ್ ಹಾಕಿಸೂದಾದ್ರ ರಿಲೇ, ಫ್ಯೂಜ್ ಹಾಕಸ್ರಿ. ವೈರ್ ಕೊರದು ಟೇಪ್ ಸುತ್ತಿದ ಜೋಡಣಿಗಿ ಮಳಿ ನೀರು ಹೊಕ್ಕರ ನಡುರಾತ್ರಿ ಇಡೀ ಗಾಡಿನ ಕುರುಡ ಆಕ್ಕೈತಿ.

ಹೊಳಿದಂಡಿ ಮಂದಿಗಿ ಇನ್ನೊಂದು ಮಾತು. 2019ರ ಆಗಸ್ಟಿನ ಪೂರ ನಾವ್ಯಾರೂ ಮರತಿಲ್ಲ. ಆಗ ನಮ್ಮ ಮಾವನ ಗಾಡಿ ಶೆಡ್ಡಿನ್ಯಾಗ ಮುಳಗಿತ್ತು. ನೀರ ಇಳದ ಮ್ಯಾಲ ಒರಸಿ, ಸೀದಾ ಸ್ಟಾರ್ಟರ್ ಒತ್ತಿದ. ಸಿಲಿಂಡರಿನ್ಯಾಗ ನೀರಿತ್ತು. ಗಾಳಿ ಒತ್ತಿದಂಗ ನೀರ ಒತ್ತಾಕ ಬರೂದಿಲ್ಲ, ಒಳಗ ಕನೆಕ್ಟಿಂಗ್ ರಾಡ್ ಬಾಗಿತು. ಮುಳಗಿದ ಗಾಡಿಗಿ ಮದ್ಲ ಪ್ಲಗ್ ಬಿಚ್ಚಿ ನೀರ ಹೊರಗ ಹಾಕಬೇಕು, ಫಿಲ್ಟರ್ ನೋಡಬೇಕು. ಆಯಿಲ್ ಹಾಲ ಹಾಕಿದ ಚಾ ಬಣ್ಣಕ್ಕ ತಿರಗಿದ್ರ ಪೂರಾ ಬದಲಿ ಮಾಡಬೇಕು. ಅಲ್ಲೀತನ ಕೀಲಿ ಮುಟ್ಟಬಾರದು.

ಇದೆಲ್ಲ ಮೆಕ್ಯಾನಿಕ್ ಮಾಡೂ ಕೆಲಸ ಅಂತೀರೇನು? ದೊಡ್ಡ ಕೆಲಸ ಅವನ ಮಾಡಲಿ, ನೋಡೂ ಕೆಲಸ ನಮ್ಮದು. ಬೆಂಗಳೂರಿನ ಸಿ. ಎಸ್. ಸಂತೋಷ್ 2015ರಾಗ ಡಾಕರ್ ರ್‍ಯಾಲಿ ಮುಗಿಸಿದ ಮದಲನೇ ಭಾರತೀಯ ಆದ್ರು. ಆ ರ್‍ಯಾಲಿಯೊಳಗ ಮ್ಯಾರಥಾನ್ ಹಂತ ಅಂತ ಇರ್ತೈತಿ, ಅವತ್ತ ರಾತ್ರಿ ತಂಡದ ಮೆಕ್ಯಾನಿಕ್ ಗಾಡಿ ಹತ್ರ ಬರೂಹಂಗಿಲ್ಲ. ದಿನಪೂರ್ತಿ ಓಡಿಸಿ ದಣದ ಸವಾರನ ಪಾನಾ ಹಿಡದು ಕುಂಡರಬೇಕು. ಜಗತ್ತಿನ ದೊಡ್ಡ ಸವಾರರಿಗಿ ಇಲ್ಲದ ನಾಚಿಕಿ ನಮಗ್ಯಾಕ?

ನಮ್ಮ ಊರಿನ ಬ್ಯಾರೇಜನ್ನ ನೋಡ್ರಿ. ಸರಕಾರದ ದಾರಿ ಕಾಯದ ಸಿದ್ದು ನ್ಯಾಮಗೌಡರ ಮುಂದಾಳತ್ವದಾಗ ರೈತರ ರೊಕ್ಕ ಕೂಡಿಸಿ, ಬೆವರು ಸುರಿಸಿ 1989ರಾಗ ಕೃಷ್ಣಾ ಹೊಳಿಗಿ ಕಟ್ಟಿದ್ದು. ಹೆಸರೂ ಶ್ರಮಬಿಂದು ಸಾಗರ. ಕಟ್ಟಿದ ಕಥಿ ಎಲ್ಲಾರೂ ಹೇಳ್ತಾರ. ಆದ್ರ ಯಾವ ಬ್ಯಾರೇಜ ಇರಲಿ, ಗೇಟಿನ ಸಂದ್ಯಾಗ ಸೋರೂದನ್ನ ವರ್ಷಾ ವರ್ಷಾ ನೋಡದಿದ್ರ ಕಟ್ಟಿದ್ದೆಲ್ಲ ಹೊಳಿಪಾಲು. ಕಟ್ಟೂದು ಒಂದ್ ಸಲ, ಕಾಯೂದು ದಿನಾ. ಎತ್ತಿನ ವಿಷಯದಾಗ ಇದು ನಮಗ ಗೊತ್ತಿತ್ತು. ಕಾರಹುಣ್ಣಿಮಿಗಿ ಕೊಂಬಿಗಿ ಬಣ್ಣ ಹಚ್ಚತಿದ್ವಿ, ಆದ್ರ ವರ್ಷಪೂರ್ತಿ ನೋಡತಿದ್ದದ್ದು ಗೊರಸು ಮತ್ತ ಹೆಗಲು. ಗಾಡಿ ಬಂದ ಮ್ಯಾಲ ಕೊಂಬಷ್ಟ ಉಳೀತು. ಖಂಡೇಪೂಜಿಗಿ ತೊಳದು, ಮಾಲಿ ಹಾಕಿ, ಲಿಂಬಿಹಣ್ಣು ಇಡ್ತೇವಿ. ಚೈನಿಗಿ ಎಣ್ಣಿ ಹಾಕೂದಿಲ್ಲ.

ಈಗ ನಮ್ಮ ಮನ್ಯಾಗ ಐತವಾರ ಮುಂಜಾನಿ ಅರ್ಧಾ ತಾಸು ಗಾಡಿಗಿ ಮೀಸಲು. ನಾ ಚೈನ್ ಒರಸ್ತೇನಿ, ಮಗ ಪಾನಾ ಹಿಡದು ಕಡ್ಡಿ ಬಡದು ‘ಟಿಣ್’ ಎಣಸ್ತಾನ. ನಮ್ಮಾಕಿ ವಾರದಾಗ ಕೇಳಿದ ಸಪ್ಪಳ, ತಿಂದ ಕುಲಕಾಟ ಎಲ್ಲಾ ವರದಿ ಒಪ್ಪಸ್ತಾಳ. ಹ್ವಾದ ವಾರ “ಬಲಗಾಲ ಬುಡಕ ಸಣ್ಣಗ ನಡುಗತೈತ್ರಿ” ಅಂದ್ಳು. ನೋಡಿದ್ರ ಆಕಿ ಕಾಲ ಇಡೂ ಮೆಟ್ಟದ ಬೋಲ್ಟ್ ಒಂದು ಎರಡು ಸುತ್ತ ಸಡಲ ಆಗಿತ್ತು. ನಾ ಓಡಿಸಿಕೋತ ವರ್ಷ ಕಳದ್ರೂ ನನಗ ಅದು ಗೊತ್ತಾಗ್ತಿರಲಿಲ್ಲ.

ಅವ್ವ ಕಟ್ಟಿ ಮ್ಯಾಲ ಕುಂತು ಎಲ್ಲಾ ನೋಡ್ತಿರ್ತಾಳ. ನಾ ಎದ್ದು ಕೈ ಒರಸಿಕೊಂಡ್ರ ಆಕಿದು ಒಂದ ಪ್ರಶ್ನಿ: “ಒಂಟಿ ಇವತ್ತ ನಡಿತೈತೇನೋ?”

ನಡಿತೈತವಾ. ಬಾ, ಕುಂಡರು.